ಸುಳಿ ಲೆನ್ಸು, ಬಳ್ಳಾರಿ ಬಿಸಿಲು

ಫೋಟೋ ತೆಗೆಯುವ ಹುರುಪು ಬತ್ತಿದೆ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಈಗ ಎಲ್ಲ ಊರಲ್ಲೂ ಒಂದೇ ಮದ್ದು ಬರೆದುಕೊಡುತ್ತಾರೆ. ಆಟೋಫೋಕಸ್ ಲೆನ್ಸನ್ನು ಬ್ಯಾಗಿಗೆ ಹಾಕಿ, ಹಳೆಯದೊಂದು ಮ್ಯಾನ್ಯುಯಲ್ ಲೆನ್ಸು ಕೊಳ್ಳಿ. ರಷ್ಯದ ಹೆಲಿಯೋಸ್ ಆದರೂ ಸರಿ, ಜಪಾನಿನ ಟಾಕುಮಾರ್ ಆದರೂ ಸರಿ. ಫೋಕಸ್ ರಿಂಗನ್ನು ಕೈಯಾರೆ ತಿರುಗಿಸುವಾಗ ಮನಸ್ಸು ನಿಧಾನವಾಗುತ್ತದೆ, ನಿಧಾನವಾದ ಮನಸ್ಸಿಗೆ ನೋಡುವುದು ಬರುತ್ತದೆ, ಹಳೆಯ ಗಾಜಿಗೆ ಒಂದು ‘ಕ್ಯಾರೆಕ್ಟರ್’ ಇರುತ್ತದೆ, ಅದು ಚಿತ್ರಕ್ಕೂ ಇಳಿಯುತ್ತದೆ. ಬಳ್ಳಾರಿಯಲ್ಲಿ ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೇರಿಸುವ ಗೆಳೆಯರ ನಡುವೆ ಈ ಮಾತು ವಾದದ ಹಂತ ದಾಟಿ ನಂಬಿಕೆಯಾಗಿ ಕೂತಿದೆ. ಪ್ರಶ್ನೆ ಕೇಳಿದವನನ್ನು ರಸವಿಲ್ಲದವನು ಎಂಬಂತೆ ನೋಡುತ್ತಾರೆ.

ನನ್ನ ಜಗಳ ಲೆನ್ಸಿನ ಜೊತೆಗಲ್ಲ. ಹಳೆಯ 35 ಮಿಲಿಮೀಟರಿನ ಒಂದು ಲೆನ್ಸು ನನ್ನಲ್ಲೂ ಇದೆ, ವಾರಕ್ಕೊಮ್ಮೆಯಾದರೂ ಹೊರಗೆ ಬರುತ್ತದೆ. ಜಗಳವೇನಿದ್ದರೂ ಅದರ ಸುತ್ತ ಹೆಣೆದ ಕಥೆಯ ಜೊತೆ. ಆ ಕಥೆಯಲ್ಲಿ ಮೂರು ಸುಳ್ಳುಗಳಿವೆ. ಹಳಬರು ಹೀಗೆ ಚಿತ್ರ ತೆಗೆಯುತ್ತಿದ್ದರು ಎನ್ನುವುದು ಮೊದಲನೆಯದು, ಕೈ ಫೋಕಸ್ ಎಂದರೆ ನಿಧಾನ ಎನ್ನುವುದು ಎರಡನೆಯದು. ಹುರುಪು ಕೊಳ್ಳಬಹುದಾದ ಒಂದು ವಸ್ತುವಿನೊಳಗೆ ಕೂತಿರುತ್ತದೆ ಎನ್ನುವ ಮೂರನೆಯ ಸುಳ್ಳೇ ಎಲ್ಲಕ್ಕಿಂತ ದೊಡ್ಡದು.

ಹೆಲಿಯೋಸ್ 44 ಈ ಪಂಥದ ಉತ್ಸವಮೂರ್ತಿಯಾದ್ದರಿಂದ ಅಲ್ಲಿಂದಲೇ ಆರಂಭಿಸೋಣ. 58 ಮಿಲಿಮೀಟರ್, ಎಫ್/2. ಜರ್ಮನಿಯ ಜೈಸ್ ಕಂಪನಿಯ ಬಯೋಟಾರ್ ವಿನ್ಯಾಸವನ್ನು ಸೋವಿಯತ್ ಕಾರ್ಖಾನೆಗಳು ತಮ್ಮದಾಗಿಸಿಕೊಂಡು ಲಕ್ಷಗಟ್ಟಲೆ ಎರಕ ಹೊಯ್ದ ಲೆನ್ಸು ಇದು. ಜೆನಿಟ್ ಕ್ಯಾಮೆರಾ ಕೊಂಡರೆ ಅದರ ಮೂತಿಗೇ ತಿರುಗಿಸಿಕೊಂಡು ಬರುತ್ತಿತ್ತು. ಸೋವಿಯತ್ ಸ್ನೇಹದ ದಿನಗಳಲ್ಲಿ ಜೆನಿಟ್ ನಮ್ಮ ದೇಶಕ್ಕೂ ಬಂತು. ನಿಕಾನ್, ಕ್ಯಾನನ್ ಕೈಗೆಟುಕದವರ ಕ್ಯಾಮೆರಾ ಅದಾಗಿತ್ತು. ಇವತ್ತು ಈ ಲೆನ್ಸಿಗೆ ಹೆಸರು ಬಂದಿರುವುದು ಒಂದೇ ಕಾರಣಕ್ಕೆ. ಅಪರ್ಚರನ್ನು ಪೂರ್ತಿ ತೆರೆದು, ಹತ್ತಿರದ ಮುಖಕ್ಕೆ ಫೋಕಸ್ ಮಾಡಿ, ಹಿಂದೆ ಒಂದಿಷ್ಟು ಎಲೆಗಳನ್ನು ಇಟ್ಟುಕೊಂಡರೆ ಆ ಎಲೆಗಳೆಲ್ಲ ಮುಖದ ಸುತ್ತ ಸುಳಿಯಾಗಿ ತಿರುಗುತ್ತವೆ. ತಿದ್ದದೆ ಉಳಿದ ಲೆನ್ಸಿನ ದೋಷವೂ ಅಂಚಿನಲ್ಲಿ ಬೆಳಕು ಕತ್ತರಿಸಿಹೋಗುವುದೂ ಸೇರಿ ಆಗುವ ಪರಿಣಾಮ ಅದು. ಇದನ್ನೇ ಈಗ ಲೆನ್ಸಿನ ಆತ್ಮ ಎನ್ನುತ್ತಾರೆ.

ಈಗ ಬಳ್ಳಾರಿಯ ಒಂದು ಮಧ್ಯಾಹ್ನಕ್ಕೆ ಬನ್ನಿ. ಮಾರ್ಚ್ ಕಳೆದರೆ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದು ಸುದ್ದಿಯೇ ಅಲ್ಲ. ಕೋಟೆ ಗುಡ್ಡದ ಬಂಡೆ ಬೆಳಕನ್ನು ಕುಡಿಯುವುದಕ್ಕಿಂತ ವಾಪಸು ಎಸೆಯುವುದೇ ಹೆಚ್ಚು. ಫಿಲ್ಮ್ ಕಾಲದವರಿಗೆಲ್ಲ ಬಾಯಿಪಾಠವಾಗಿದ್ದ ನಿಯಮವೊಂದಿತ್ತು. ನೆಟ್ಟ ಬಿಸಿಲಿನಲ್ಲಿ 100 ವೇಗದ ಫಿಲ್ಮಿಗೆ ಎಫ್/16, ಷಟರ್ 1/100. ಅದೇ ಬಿಸಿಲಿನಲ್ಲಿ ಎಫ್/2ಕ್ಕೆ ತೆರೆದರೆ ಆರು ಸ್ಟಾಪ್ ಹೆಚ್ಚು ಬೆಳಕು ಒಳಗೆ ನುಗ್ಗುತ್ತದೆ. ಅದನ್ನು ತಡೆಯಲು ಷಟರ್ 1/6400ರ ವೇಗದಲ್ಲಿ ಓಡಬೇಕು. ಜೆನಿಟ್-ಇ ಕ್ಯಾಮೆರಾದ ಅತಿ ಹೆಚ್ಚಿನ ವೇಗ 1/500. ಅಂದರೆ ಹಗಲು ಹೊತ್ತು ಬಳ್ಳಾರಿಯ ಬೀದಿಯಲ್ಲಿ ಜೆನಿಟ್ ಹಿಡಿದವನು ಲೆನ್ಸನ್ನು ಎಫ್/8ರ ಆಸುಪಾಸಿಗೆ ಮುಚ್ಚದೆ ವಿಧಿಯಿರಲಿಲ್ಲ. ಎಫ್/8ರಲ್ಲಿ ಹೆಲಿಯೋಸ್ ಯಾವ ಸುಳಿಯನ್ನೂ ತಿರುಗಿಸುವುದಿಲ್ಲ. ಒಳ್ಳೆಯ, ಚೂಪಾದ, ಯಾವ ಸೊಕ್ಕೂ ಇಲ್ಲದ ಸಾದಾ ಲೆನ್ಸಾಗಿ ಕೆಲಸ ಮಾಡುತ್ತದೆ.

ಸಂಜೆ, ನೆರಳು, ಮನೆಯ ಪಡಸಾಲೆ ಇದ್ದವಲ್ಲ ಎನ್ನಬಹುದು. ಇದ್ದವು. ಆದರೆ ಅಲ್ಲೂ ಎಫ್/2 ಬಳಸುವುದು ಕೊನೆಯ ದಾರಿಯಾಗಿತ್ತು. ಎರಡು ಮೀಟರ್ ದೂರದಲ್ಲಿ ಎಫ್/2ಕ್ಕೆ ತೆರೆದ 58 ಮಿಲಿಮೀಟರ್ ಲೆನ್ಸು ಸ್ಪಷ್ಟವಾಗಿ ಹಿಡಿಯುವುದು ಸುಮಾರು 14 ಸೆಂಟಿಮೀಟರ್ ಆಳವನ್ನು ಮಾತ್ರ. ಅಜ್ಜಿಯ ಮುಖ ಫೋಕಸಿನಲ್ಲಿದ್ದರೆ ಅವಳ ಹಿಂದೆ ನಿಂತ ಮೊಮ್ಮಗ ಮಸುಕು. ದುಡ್ಡು ಕೊಟ್ಟ ಯಾವ ಮನೆಯವರು ಆ ಪ್ರಿಂಟನ್ನು ತೆಗೆದುಕೊಳ್ಳುತ್ತಿದ್ದರು? ಹಿನ್ನೆಲೆ ಕರಗಿದೆ ಎಂದು ಮೆಚ್ಚುವುದಿರಲಿ, ‘ಹಾಳು ಮಾಡಿದಿ’ ಎಂದು ಮುಖಕ್ಕೆ ಎಸೆಯುತ್ತಿದ್ದರು.

ಹಾಗಾದರೆ ಈ ಸುಳಿ ಎಲ್ಲಿಂದ ಬಂತು? ಹೊಸ ಕ್ಯಾಮೆರಾದಿಂದ. ಮಿರರ್‌ಲೆಸ್ ಕ್ಯಾಮೆರಾದ ಎಲೆಕ್ಟ್ರಾನಿಕ್ ಷಟರ್ 1/8000ವನ್ನೂ ದಾಟಿ ಓಡುವುದರಿಂದ ನಡುಮಧ್ಯಾಹ್ನವೂ ಎಫ್/2 ತೆರೆಯಲು ಸಾಧ್ಯವಾಯಿತು. ಕನ್ನಡಿಪೆಟ್ಟಿಗೆ ಹೋಗಿ ಕ್ಯಾಮೆರಾ ತೆಳ್ಳಗಾದ್ದರಿಂದ ಲೆನ್ಸಿಗೂ ಸೆನ್ಸರಿಗೂ ನಡುವೆ ಒಂದು ಅಡಾಪ್ಟರ್ ತೂರಿಸಲು ಜಾಗ ಸಿಕ್ಕಿತು. ಫೋಕಸ್ ಆದ ಅಂಚುಗಳಿಗೆ ಕಂಪ್ಯೂಟರೇ ಕೆಂಪು ಬಣ್ಣ ಹಚ್ಚಿ ತೋರಿಸುವ ಪೀಕಿಂಗ್ ಎಂಬ ಸೌಕರ್ಯ ಬಂದದ್ದರಿಂದ ಆ 14 ಸೆಂಟಿಮೀಟರ್ ಹಿಡಿಯಲು ಸಾಧ್ಯವಾಯಿತು. ಯಂತ್ರದಿಂದ ಬಿಡುಗಡೆ ಎಂದು ಯಾವುದನ್ನು ಕೊಂಡಾಡುತ್ತಾರೋ ಅದರ ಪ್ರತಿ ಚಿತ್ರವೂ ಯಂತ್ರದ ಕೃಪೆ. ಇದರಲ್ಲಿ ತಪ್ಪೇನೂ ಇಲ್ಲ, ಹೊಸ ಆಟಿಕೆಯಿಂದ ಹೊಸ ಆಟ ಆಡಲಿ. ಆದರೆ ಅದನ್ನು ‘ಹಳೆಯ ಕಾಲದ ನೋಟ’ ಎಂದು ಕರೆಯಬೇಡಿ. ಹಳೆಯ ಕಾಲಕ್ಕೆ ಬಳ್ಳಾರಿಯಲ್ಲಿ ಆ ನೋಟವೇ ಇರಲಿಲ್ಲ.

(ಬಳ್ಳಾರಿ ಬಿಸಿಲು ಹಳೆ ಲೆನ್ಸಿಗೆ ಮಾಡುವ ಉಪಕಾರ ಒಂದಿದೆ. ಕೆಲವು ಟಾಕುಮಾರ್ ಲೆನ್ಸುಗಳ ಗಾಜಿನಲ್ಲಿ ಥೋರಿಯಂ ಇರುವುದರಿಂದ ವರ್ಷ ಕಳೆದಂತೆ ಅವು ಚಹಾದ ಬಣ್ಣಕ್ಕೆ ತಿರುಗುತ್ತವೆ. ಬಿಸಿಲಿಗಿಟ್ಟರೆ ನೇರಳಾತೀತ ಕಿರಣ ತಗುಲಿ ಹಳದಿ ಇಳಿಯುತ್ತದೆ. ನಮ್ಮ ಮಾಳಿಗೆಗಿಂತ ಒಳ್ಳೆಯ ಚಿಕಿತ್ಸಾಲಯ ಬೇಕೇ? ಮಲೆನಾಡಿನವರ ಲೆನ್ಸಿಗೆ ಹತ್ತುವ ಬೂಷ್ಟು ಇಲ್ಲಿ ಹತ್ತುವುದೂ ಕಡಿಮೆ. ಆದರೆ ಅದೇ ಸೆಖೆಗೆ ಒಳಗಿನ ಗ್ರೀಸು ಕರಗಿ ಅಪರ್ಚರ್ ಎಸಳುಗಳಿಗೆ ಅಂಟುತ್ತದೆ. ಬಿಸಿಲಿಗಿಡುವವರು ಇದನ್ನೂ ನೆನಪಿಟ್ಟುಕೊಳ್ಳಲಿ.)

ಎರಡನೆಯ ಸುಳ್ಳು ನನ್ನನ್ನು ಇನ್ನೂ ಹೆಚ್ಚು ಕೆಣಕುತ್ತದೆ, ಏಕೆಂದರೆ ಅದು ದುಡಿದು ತಿಂದ ಜನರಿಗೆ ಮಾಡುವ ಅವಮಾನ. ಮ್ಯಾನ್ಯುಯಲ್ ಫೋಕಸ್ ಎಂದರೆ ಧ್ಯಾನ, ನಿಧಾನ, ತನ್ಮಯತೆ ಎನ್ನುತ್ತಾರೆ. ಸಿರುಗುಪ್ಪ, ಕುರುಗೋಡಿನಂಥ ಊರುಗಳಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ, ಮುಂಜಿ, ತೊಟ್ಟಿಲು, ಕೊನೆಗೆ ಹೆಣದ ಫೋಟೋವನ್ನೂ ತೆಗೆದುಕೊಟ್ಟ ಒಂದು ತಲೆಮಾರಿಗೆ ಮ್ಯಾನ್ಯುಯಲ್ ಲೆನ್ಸು ಬಿಟ್ಟು ಬೇರೆ ಗೊತ್ತೇ ಇರಲಿಲ್ಲ. ಯಾಶಿಕಾದ ಎರಡು ಕಣ್ಣಿನ ಕ್ಯಾಮೆರಾ, 120 ಅಳತೆಯ ರೀಲು, ಒಂದು ರೀಲಿಗೆ 12 ಚಿತ್ರ. ಪುರೋಹಿತರು ಮಾಂಗಲ್ಯ ಕಟ್ಟಿಸುವಾಗ ಫೋಟೋದವನ ಧ್ಯಾನಕ್ಕಾಗಿ ಒಂದು ನಿಮಿಷ ಕಾಯುವುದಿಲ್ಲ. ಅಕ್ಷತೆ ಬೀಳುವುದು ಒಂದೇ ಸಲ.

ಅವರು ಹೇಗೆ ಹಿಡಿಯುತ್ತಿದ್ದರು? ಲೆಕ್ಕದಿಂದ. ಆ ಕಾಲದ ಫ್ಲ್ಯಾಶ್‌ಗೆ ಗೈಡ್ ನಂಬರ್ ಎಂದು ಒಂದು ಸಂಖ್ಯೆ ಇರುತ್ತಿತ್ತು. ಅದನ್ನು ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತದೆ. ಗೈಡ್ ನಂಬರ್ 28 ಇದ್ದು, ವಧೂವರರು ಮೂರೂವರೆ ಮೀಟರ್ ದೂರದಲ್ಲಿ ನಿಂತಿದ್ದರೆ 28 ಭಾಗಿಸು 3.5, ಎಫ್/8. ಮೂರೂವರೆ ಮೀಟರ್ ಎಂದರೆ ಹೆಚ್ಚುಕಡಿಮೆ ಎರಡು ಮಾರು. ಹೂವಾಡಗಿತ್ತಿಗೆ, ಹಗ್ಗ ಹೊಸೆಯುವವನಿಗೆ ಗೊತ್ತಿರುವ ಅಳತೆಯೇ ಇದು. ಎರಡು ಮಾರು ದೂರ ನಿಲ್ಲು, ರಿಂಗನ್ನು ಅಲ್ಲಿಗೆ ತಿರುಗಿಸಿ ಬಿಡು, ಎಂಟಕ್ಕೆ ಇಡು, ಇನ್ನು ರಾತ್ರಿಯಿಡೀ ಮುಟ್ಟಬೇಡ. ದೂರ ಬದಲಾದರೆ ರಿಂಗಲ್ಲ, ಕಾಲು ಹಿಂದೆಮುಂದೆ ಹೋಗಬೇಕು. ಲೆನ್ಸಿನ ಮೈಮೇಲೆ ಕೊರೆದ ಮೀಟರ್, ಅಡಿ ಅಂಕಿಗಳಿದ್ದದ್ದು ಇಂಥ ಕೆಲಸಕ್ಕೆ. ಈಗಿನ ಎಷ್ಟೋ ಲೆನ್ಸುಗಳಲ್ಲಿ ಆ ಅಂಕಿಗಳೇ ಇಲ್ಲ. ಹಳೆಯ ಲೆನ್ಸು ಕೊಂಡವರೂ ಅವುಗಳ ಕಡೆ ನೋಡುವುದಿಲ್ಲ. ಸುಳಿ ನೋಡುವುದರಲ್ಲಿ ಮುಳುಗಿರುತ್ತಾರೆ.

ಇನ್ನು ಆ 12 ಚಿತ್ರಗಳ ಸಂಯಮ. ರೀಲಿಗೆ, ತೊಳೆಯಲು, ಪ್ರಿಂಟಿಗೆ ದುಡ್ಡು ಬೀಳುತ್ತಿತ್ತು, ಅದಕ್ಕೇ ಒಂದೊಂದು ಚಿತ್ರವನ್ನೂ ಯೋಚಿಸಿ ತೆಗೆದರು. ಅದನ್ನು ವ್ರತ ಎಂಬಂತೆ ಬಣ್ಣಿಸುವವರು ಬಡತನವನ್ನು ತೆಗೆದು ಹಾಕಿ ಶೋಭೆಯನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಅದೇ ಸ್ಟುಡಿಯೋದವರ ಮಕ್ಕಳು ಇವತ್ತು ಎರಡು ಆಟೋಫೋಕಸ್ ಕ್ಯಾಮೆರಾ, ಒಂದು ಡ್ರೋನ್ ಇಟ್ಟುಕೊಂಡು ಮದುವೆಗೆ ಹೋಗುತ್ತಾರೆ. ಅಪ್ಪನ ಲೆನ್ಸನ್ನು ಅವರು ಯಾಕೆ ಬಳಸುತ್ತಿಲ್ಲ ಎಂದು ಕೇಳಿ ನೋಡಿ, ನಗುತ್ತಾರೆ.

ಈ ವಿಷಯದಲ್ಲಿ ಲೆನ್ಸಿನ ಇತಿಹಾಸ ಪೂರ್ತಿ ನನ್ನ ಪಕ್ಷದಲ್ಲಿದೆ. ಸುಳಿ ಹಿನ್ನೆಲೆಯ ಮೂಲಪುರುಷ ಎಂದು ಪೂಜಿಸುವ ಪೆಟ್ಜ್‌ವಾಲ್ ಲೆನ್ಸನ್ನು ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಜ್‌ವಾಲ್ 1840ರಲ್ಲಿ ಲೆಕ್ಕ ಹಾಕಿ ಮಾಡಿದ್ದು ವೇಗಕ್ಕಾಗಿ. ಆಗಿನ ಲೆನ್ಸುಗಳ ಮುಂದೆ ಜನ ನಿಮಿಷಗಟ್ಟಲೆ ಕಲ್ಲಿನಂತೆ ಕೂರಬೇಕಿತ್ತು, ಇವನ ಲೆನ್ಸು ಅದನ್ನು ಸೆಕೆಂಡುಗಳ ಲೆಕ್ಕಕ್ಕೆ ಇಳಿಸಿತು. ಅಂಚಿನ ಸುಳಿ ಅದಕ್ಕೆ ತೆತ್ತ ಬೆಲೆ. 2013ರಲ್ಲಿ ಲೋಮೋಗ್ರಫಿ ಕಂಪನಿ ಅದನ್ನು ಹಿತ್ತಾಳೆಯ ಕವಚದಲ್ಲಿ ಮತ್ತೆ ಮಾಡಿ ಮಾರಿದಾಗ ಆ ದೋಷಕ್ಕೇ ಜನ ಮುಗಿಬಿದ್ದರು.

ಮ್ಯಾನ್ಯುಯಲ್ ಲೆನ್ಸಿನ ನಿಜವಾದ ಗುಣ ವೇಗ ಎಂದು ತೋರಿಸಲು ಕುರುಗೋಡಿಗಿಂತ ಒಳ್ಳೆಯ ಜಾಗ ಇಲ್ಲ. ಬೇಸಿಗೆಯ ಹೊಸ್ತಿಲಲ್ಲಿ ದೊಡ್ಡಬಸವೇಶ್ವರನ ತೇರು ಎಳೆಯುತ್ತಾರೆ. ಗುಡಿಯೊಳಗೆ ಏಕಶಿಲೆಯ ಭಾರೀ ಬಸವಣ್ಣ, ಹೊರಗೆ ಊರಿಗೆ ಒತ್ತಿಕೊಂಡ ಬಂಡೆಗುಡ್ಡಗಳು, ನಡುವೆ ಸುತ್ತ ಹತ್ತೂರಿನಿಂದ ಬಂದ ಜನ. ತೇರಿನ ಗಾಲಿ ಕದಲಿದ ಕೂಡಲೇ ಬಾಳೆಹಣ್ಣು, ಉತ್ತತ್ತಿ ಗಾಳಿಯಲ್ಲಿ ಹಾರತೊಡಗುತ್ತವೆ, ಹಗ್ಗ ಹಿಡಿದವರು ಒಮ್ಮೆಗೇ ಮುಂದಕ್ಕೆ ಬಾಗುತ್ತಾರೆ, ಧೂಳು ಏಳುತ್ತದೆ. ಇಂಥ ಕಡೆ ಆಟೋಫೋಕಸ್ ಕೆಲವು ಸಲ ದಿಕ್ಕುಗೆಡುತ್ತದೆ. ಎದುರು ಎದ್ದ ಕೈಯನ್ನು ಹಿಡಿಯುತ್ತದೆ, ಹಾರುವ ಹಣ್ಣನ್ನು ಹಿಡಿಯುತ್ತದೆ, ಹಗ್ಗದವನ ಮುಖ ಬಿಡುತ್ತದೆ. 35 ಮಿಲಿಮೀಟರ್ ಲೆನ್ಸನ್ನು ಎಫ್/8ಕ್ಕೆ ಇಟ್ಟು ಮೂರು ಮೀಟರಿಗೆ ನಿಲ್ಲಿಸಿ ನೋಡಿ. 1.9 ಮೀಟರಿನಿಂದ 7 ಮೀಟರಿನ ಆಚೆಗೂ ಎಲ್ಲ ಸ್ಪಷ್ಟ. ಫೋಕಸ್ ಮಾಡುವ ಕೆಲಸ ಬೆಳಿಗ್ಗೆಯೇ ಮುಗಿದಿದೆ. ಈಗ ಉಳಿದದ್ದು ನೋಡುವುದು, ಒತ್ತುವುದು. ಜಗತ್ತಿನ ಯಾವ ಆಟೋಫೋಕಸ್ ಮೋಟರೂ ಇದಕ್ಕಿಂತ ಬೇಗ ಓಡಲಾರದು, ಏಕೆಂದರೆ ಇಲ್ಲಿ ಓಡಬೇಕಾದ್ದೇ ಏನೂ ಇಲ್ಲ. ಫ್ರೆಂಚ್ ಫೋಟೋಗ್ರಾಫರ್ ಕಾರ್ಟಿಯೇ ಬ್ರೆಸಾನ್ ತನ್ನ ಲೈಕಾದಲ್ಲಿ ಕ್ಷಣವನ್ನು ಹಿಡಿದದ್ದು ನಿಧಾನದಿಂದಲ್ಲ.

ಬಳ್ಳಾರಿಯಲ್ಲಿ ಕನಕದುರ್ಗಮ್ಮನ ಸಿಡಿಬಂಡಿ ಉತ್ಸವಕ್ಕೂ ಇದೇ ಲೆಕ್ಕ. ಆ ಜಂಗುಳಿಯಲ್ಲಿ ಕ್ಯಾಮೆರಾ ಕಣ್ಣಿಗೇರಿಸಲೂ ಜಾಗ ಇರುವುದಿಲ್ಲ. ತಲೆಯ ಮೇಲೆ ಎತ್ತಿ ಹಿಡಿದು ಒತ್ತಬೇಕು. ರಿಂಗು ತಿರುಗಿಸುತ್ತ ಧ್ಯಾನಕ್ಕೆ ಕೂತವನ ಮೇಲೆ ಬಂಡಿ ಹಾದುಹೋಗುತ್ತದೆ.

ಗಮನಿಸಿ, ತೇರಿನ ಚಿತ್ರದಲ್ಲಿ ಎಫ್/8ಕ್ಕೆ ಇನ್ನೊಂದು ಕಾರಣವಿದೆ. ಹಗ್ಗದವನ ಹಿಂದೆ ತೇರು ಕಾಣಬೇಕು, ತೇರಿನ ಹಿಂದೆ ಕುರುಗೋಡಿನ ಗುಡ್ಡ ಕಾಣಬೇಕು. ಸುಳಿ ಲೆನ್ಸಿನ ಮೇಲೆ ನನ್ನ ದೊಡ್ಡ ದೂರೇ ಇದು. ಅದು ಮೊದಲು ಅಳಿಸುವುದು ಊರನ್ನು. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸನ್ನು ಎಫ್/2ರಲ್ಲಿ ತೆಗೆದರೆ ಗದ್ದೆ, ಕಾಲುವೆ, ಬದು ಎಲ್ಲ ಹಸಿರು ಸುಳಿಯಾಗಿ ಅವಳು ಕೇರಳದವಳೋ ಬಂಗಾಳದವಳೋ ಗೊತ್ತಾಗದ ಹಾಗಾಗುತ್ತಾಳೆ. ಅವಳು ನಿಂತ ನೀರು ತುಂಗಭದ್ರೆಯ ಕಾಲುವೆಯದು, 1953ರಲ್ಲಿ ಅಣೆಕಟ್ಟು ಆದಮೇಲೆ ಈ ಎರೆಭೂಮಿಯ ಜೋಳ ಹಿಂದೆ ಸರಿದು ಭತ್ತ ಬಂತು, ಅವಳ ಬೆನ್ನು ಬಾಗಿದ್ದು ಆ ಬದಲಾವಣೆಯ ಫಲ. ಇದೆಲ್ಲ ಇರುವುದು ಹಿನ್ನೆಲೆಯಲ್ಲಿ. ಹಿನ್ನೆಲೆಯನ್ನು ಕರಗಿಸಿ ಆಮೇಲೆ ‘ಯಾಕೋ ಚಿತ್ರಕ್ಕೆ ವಿಷಯವೇ ಸಿಗುತ್ತಿಲ್ಲ’ ಎಂದು ಕೊರಗುವುದು ನನಗೆ ಅರ್ಥವಾಗುವುದಿಲ್ಲ.

ಎದುರು ವಾದದಲ್ಲಿ ಗಟ್ಟಿಯಾದದ್ದು ಒಂದಿದೆ, ಅದನ್ನು ತಪ್ಪಿಸಿಕೊಂಡು ಹೋಗಬಾರದು. ಎಲ್ಲವೂ ಸಾಧ್ಯ ಎಂದಾದಾಗ ಮನಸ್ಸು ಜಡವಾಗುತ್ತದೆ. ಒಂದೇ ಫೋಕಲ್ ಲೆಂತ್, ಒಂದೇ ಲೆನ್ಸು ಎಂಬ ಕಟ್ಟು ಹಾಕಿಕೊಂಡರೆ ಅದು ಚುರುಕಾಗುತ್ತದೆ ಎನ್ನುತ್ತಾರೆ. ಕಟ್ಟಿನಿಂದ ಕಲೆ ಹುಟ್ಟುತ್ತದೆ ಎನ್ನುವುದು ನಿಜ. ಛಂದಸ್ಸಿನಲ್ಲಿ ಬರೆದ ಯಾವ ಕವಿಯೂ ಒಪ್ಪಿಯಾನು. ಆದರೆ ಬೇಡವೆನಿಸಿದ ಕ್ಷಣ ಬ್ಯಾಗಿನಿಂದ ಇನ್ನೊಂದು ಲೆನ್ಸು ತೆಗೆಯಲು ಬರುವುದಾದರೆ ಅದೆಂಥ ಕಟ್ಟು? ನಿಜವಾದ ಕಟ್ಟನ್ನು ಹಾಕುವುದು ಎದುರಿನ ವಸ್ತು. ತೇರು ಎಳೆಯುವುದು ವರ್ಷಕ್ಕೊಮ್ಮೆ. ಮೆಣಸಿನಕಾಯಿ ಕಣದಲ್ಲಿ ಕೆಂಪಗೆ ಹರಡಿರುವುದು ಕೆಲವೇ ವಾರ. ಬೆಳಕು ಬಂಡೆಯ ಮೇಲೆ ಓರೆಯಾಗಿ ಬೀಳುವುದು ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು. ಈ ಕಟ್ಟುಗಳನ್ನು ಮೀರಲು ಯಾವ ಅಂಗಡಿಯಲ್ಲೂ ಅಡಾಪ್ಟರ್ ಸಿಗುವುದಿಲ್ಲ.

ಬಳ್ಳಾರಿಯವರ ಹುರುಪು ಬತ್ತಲು ನನಗೆ ತೋಚುವ ಕಾರಣ ಬೇರೆ. ನಾವು ತಲೆಮಾರುಗಳಿಂದ ಚಿತ್ರಕ್ಕೆ ಹಂಪಿಯನ್ನೇ ನೆಚ್ಚಿಕೊಂಡೆವು. ಭಾನುವಾರ ಬಂದರೆ ಹಂಪಿ, ಅದೇ ಕಲ್ಲಿನ ರಥ, ಅದೇ ಮಾತಂಗ ಬೆಟ್ಟದ ಸೂರ್ಯೋದಯ, ಅದೇ ತೆಪ್ಪ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹಂಪಿ ನಮ್ಮ ಜಿಲ್ಲೆಯ ನಕ್ಷೆಯಿಂದ ಹೊರಗೆ ಹೋಯಿತು. ರಾಜಕೀಯವಾಗಿ ಯಾರಿಗೆ ಏನು ಸಿಕ್ಕಿತೋ ಬೇರೆ ಮಾತು, ಬಳ್ಳಾರಿಯ ಫೋಟೋಗ್ರಾಫರುಗಳಿಗೆ ಅದು ಒಳ್ಳೆಯ ಸಂದರ್ಭವಾಗಿತ್ತು. ಇನ್ನಾದರೂ ಮನೆಯ ಸುತ್ತ ನೋಡಬಹುದಿತ್ತು. ಮಾಡಿದ್ದೇನು? ಅದೇ ಹಂಪಿಗೆ ಹಳೆಯ ಲೆನ್ಸು ಕಟ್ಟಿಕೊಂಡು ಹೋದೆವು. ಕಲ್ಲಿನ ರಥದ ಹಿಂದೆ ಈಗ ಎಲೆಗಳು ಸುತ್ತುತ್ತಿವೆ, ಅಷ್ಟೇ ವ್ಯತ್ಯಾಸ.

ಹಂಪಿಯ ಮಾತು ಬಂತಲ್ಲ, ಹುರುಪು ವಸ್ತುವಿನೊಳಗೆ ಇರುವುದಿಲ್ಲ ಎನ್ನುವ ನನ್ನ ಮೂರನೆಯ ತಕರಾರಿಗೆ ಅಲ್ಲಿಯೇ ಸಾಕ್ಷಿ ಇದೆ. 1856ರಲ್ಲಿ, ಹಂಪಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, ಸೈನ್ಯಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಆ ಪಾಳುಗಳ ಚಿತ್ರ ತೆಗೆದ. ಅದಕ್ಕಿಂತ ನಿಧಾನವಾದ, ಕೈಯಿಂದಲೇ ಎಲ್ಲ ಮಾಡಬೇಕಾದ ವಿಧಾನ ಹುಡುಕಿದರೂ ಸಿಗದು. ಅವನ ಚಿತ್ರಗಳಲ್ಲಿ ನಾವು ಇವತ್ತು ನೋಡುವುದು ಏನು? ಕಾಗದದ ನಾರಿನ ಸೊಗಸನ್ನೋ, ಲೆನ್ಸಿನ ಕ್ಯಾರೆಕ್ಟರನ್ನೋ? ಆಮೇಲೆ ಬಿದ್ದುಹೋದ ಗೋಪುರದ ತುದಿಯನ್ನು, ಈಗ ಇಲ್ಲದ ಗೋಡೆಯನ್ನು, ಕಲ್ಲಿನ ಸಂದಿಯಲ್ಲಿ ಬೆಳೆದ ಗಿಡವನ್ನು ಹುಡುಕುತ್ತೇವೆ. 1983ರಲ್ಲಿ ಆಸ್ಟ್ರೇಲಿಯದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಮತ್ತೆ ತೆಗೆದ. ಜಾರ್ಜ್ ಮಿಶೆಲ್ ಮತ್ತು ಜಾನ್ ಫ್ರಿಟ್ಜ್ ಅವರ ವಿಜಯನಗರ ಸಂಶೋಧನೆಯ ಜೊತೆ ಸೇರಿ ವರ್ಷಗಟ್ಟಲೆ ಅಲ್ಲಿಗೇ ಮರಳಿ ಬಂದ. ಗ್ರೀನ್‌ಲಾನಂಥ ಕ್ಯಾಮೆರಾ ಕೊಂಡರೆ ಅವನಂಥ ಚಿತ್ರ ಬರುತ್ತದೆ ಎಂದು ಗೋಲಿಂಗ್ಸ್ ಹೊರಟಿರಲಿಲ್ಲ. ಅವನಿಗೆ ಬೇಕಿದ್ದದ್ದು ಗ್ರೀನ್‌ಲಾ ನಿಂತ ನೆಲ. 127 ವರ್ಷಗಳ ಅಂತರದ ಆ ಜೋಡಿ ಚಿತ್ರಗಳು ಮನಸ್ಸನ್ನು ಹಿಡಿದು ನಿಲ್ಲಿಸುವುದು ಅದಕ್ಕೇ. ಮೈಸೂರಿನ ಟಿ. ಎಸ್. ಸತ್ಯನ್ ಅವರನ್ನೂ ನೆನೆಯಬಹುದು. ಅವರ ಕಪ್ಪು-ಬಿಳುಪಿನ ಮಕ್ಕಳು, ಸಾಮಾನ್ಯ ಜನ ನಮಗೆ ನೆನಪಿದ್ದಾರೆ, ಮುಂದಿದ್ದ ಗಾಜು ಯಾವುದೆಂದು ಕೇಳಲು ಯಾರಿಗೂ ತೋಚುವುದಿಲ್ಲ.

ಗ್ರೀನ್‌ಲಾ ಮಾಡಿದ ಕೆಲಸವನ್ನು ಮಾಡಬೇಕೆಂದರೆ ಬಳ್ಳಾರಿಯಿಂದ ದೂರ ಹೋಗಬೇಕಿಲ್ಲ. ನಗರದ ಮಗ್ಗುಲಲ್ಲೇ ಸಂಗನಕಲ್ಲು, ಕುಪ್ಪಗಲ್ಲಿನ ಗುಡ್ಡಗಳಿವೆ. ನವಶಿಲಾಯುಗದ ಜನ ಅಲ್ಲಿ ಕಪ್ಪು ಬಂಡೆಗಳ ಮೇಲೆ ಎತ್ತು, ಮನುಷ್ಯರನ್ನು ಕುಟ್ಟಿ ಕುಟ್ಟಿ ಮೂಡಿಸಿದ್ದಾರೆ. ಬಡಿದರೆ ಗಂಟೆಯಂತೆ ಮೊಳಗುವ ಬಂಡೆಗಳೂ ಅಲ್ಲಿವೆ. 1892ರಲ್ಲಿಯೇ ಬ್ರಿಟಿಷ್ ಅಧಿಕಾರಿ ಫ್ರೆಡ್ ಫಾಸೆಟ್ ಈ ಚಿತ್ರಗಳ ಬಗ್ಗೆ ಬರೆದ. ಈ ಶತಮಾನದ ಆರಂಭದಲ್ಲಿ ನಿಕೋಲ್ ಬೋಯ್ವಿನ್ ಮುಂತಾದ ಪುರಾತತ್ತ್ವಜ್ಞರು ಮತ್ತೆ ಅಧ್ಯಯನ ಮಾಡಿ, ಕಲ್ಲು ಗಣಿಗಾರಿಕೆಯಿಂದ ಜಾಗ ಹಾಳಾಗುತ್ತಿದೆ ಎಂದು ಎಚ್ಚರಿಸಿದರು. ನಡುಹಗಲಿನಲ್ಲಿ ಹೋದರೆ ಅಲ್ಲಿ ಏನೂ ಕಾಣುವುದಿಲ್ಲ, ಬರೀ ಕಪ್ಪು ಕಲ್ಲು. ಸೂರ್ಯ ಇಳಿದು ಬೆಳಕು ಬಂಡೆಯ ಮೈಯನ್ನು ಸವರಿಕೊಂಡು ಹೋಗುವಾಗ ಗೀರುಗಳು ಒಂದೊಂದಾಗಿ ಏಳುತ್ತವೆ. ಯಾವ ಬಂಡೆಗೆ ಯಾವ ತಿಂಗಳು ಯಾವ ಹೊತ್ತು ಎಂಬ ಪಟ್ಟಿ ಮಾಡಲು ಒಬ್ಬನಿಗೆ ವರ್ಷಗಳೇ ಬೇಕು. ಅದಕ್ಕೆ 50 ಮಿಲಿಮೀಟರಿನ ಯಾವ ಲೆನ್ಸಾದರೂ ಸಾಕು, ಹಳೆಯದೋ ಹೊಸದೋ ಬಂಡೆ ಕೇಳುವುದಿಲ್ಲ. ಸಿರುಗುಪ್ಪದ ದಾರಿಯಲ್ಲಿ ತೆಕ್ಕಲಕೋಟೆ ಇದೆ. 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಉತ್ಖನನ ಮಾಡಿದ ಗುಡ್ಡಗಳವು. ಅಶೋಕನ ಹೆಸರನ್ನೇ ಕೆತ್ತಿದ ಶಾಸನ ನಿಟ್ಟೂರಿನಲ್ಲಿದೆ, ಉಡೇಗೋಳದಲ್ಲಿದೆ. ಇಷ್ಟಿದ್ದೂ ಸ್ಫೂರ್ತಿಗಾಗಿ ಮಾಸ್ಕೋದಿಂದ ಪಾರ್ಸೆಲ್ ತರಿಸುವುದು!

ಲೆನ್ಸಿನ ನಂಬಿಕೆ ಬರೀ ನಗೆಪಾಟಲಾಗಿ ಉಳಿಯದೆ ಅಪಾಯವಾಗುವ ಒಂದು ಜಾಗವನ್ನೂ ಹೇಳಬೇಕು. ಕರ್ನಾಟಕದಲ್ಲಿ ಎರೆಭೂತ ಎಂಬ ದೊಡ್ಡ ಹಕ್ಕಿ ಕೊನೆಯದಾಗಿ ಉಳಿದಿರುವುದು ಸಿರುಗುಪ್ಪದ ಎರೆಹೊಲಗಳಲ್ಲಿ. ಕೈಬೆರಳಲ್ಲಿ ಎಣಿಸುವಷ್ಟು. ನೆಲದ ಮೇಲೆ ಒಂದೇ ಮೊಟ್ಟೆ ಇಡುವ, ಮನುಷ್ಯನ ನೆರಳು ಕಂಡರೆ ಗೂಡು ಬಿಟ್ಟು ಹೋಗಬಹುದಾದ ಹಕ್ಕಿ. ‘ಸಾಧಾರಣ ಹಕ್ಕಿ ಚಿತ್ರಗಳು ಸಾಕಾದವು, ಹಳೆಯ ಮಿರರ್ ಟೆಲಿ ಲೆನ್ಸಿನಲ್ಲಿ ಹತ್ತಿರ ಹೋಗಿ ಕೈ ಫೋಕಸಿನಲ್ಲಿ ತೆಗೆಯುವ ಸವಾಲು’ ಎಂಬ ಮಾತು ನನ್ನ ಕಿವಿಗೂ ಬಿದ್ದಿದೆ. ಸವಾಲು ಯಾರಿಗೆ? ಆ ಹಕ್ಕಿಗೆ ನಿಮ್ಮ ಹುರುಪಿನ ಹಂಗಿಲ್ಲ. ಅಲ್ಲಿ ಹೊಸ ಲೆನ್ಸೂ ಬೇಡ, ಹಳೆಯ ಲೆನ್ಸೂ ಬೇಡ. ದೂರವಿದ್ದುಬಿಡುವುದೊಂದೇ ಮರ್ಯಾದೆ. ಚಿತ್ರ ಬೇಕೇಬೇಕೆಂದರೆ ಆ ಹಕ್ಕಿ ಬದುಕುವ ಹುಲ್ಲುಗಾವಲು ಯಾವ ಬೆಳೆಗೆ ಒತ್ತುವರಿಯಾಗುತ್ತಿದೆ, ಯಾವ ತಂತಿ ಅದರ ಮೇಲೆ ಹಾದಿದೆ ಎಂದು ರಸ್ತೆಯ ಬದಿಯಿಂದ ತೆಗೆಯಿರಿ. ಅದಕ್ಕೆ ಎಫ್/8 ಬೇಕು, ಹಿನ್ನೆಲೆ ಬೇಕು.

ಇದೆಲ್ಲ ಕೇಳಿದವರು ‘ಹಾಗಾದರೆ ಹಳೆಯ ಲೆನ್ಸೇ ಬೇಡವೇ’ ಎನ್ನುತ್ತಾರೆ. ಇದ್ದರೆ ಇಟ್ಟುಕೊಳ್ಳಿ. ಅದರ ಮೈಮೇಲಿನ ಮೀಟರ್ ಅಂಕಿಗಳನ್ನು ಕಲಿಯಿರಿ, ಎರಡು ಮಾರು, ಮೂರು ಮಾರು ಎಂದು ಕಣ್ಣಳತೆ ಕೂರಿಸಿಕೊಳ್ಳಿ, ಕಾಲಿನಿಂದ ಫೋಕಸ್ ಮಾಡಿ. ಸಿಂಗಲ್ ಕೋಟಿಂಗಿನ ಹಳೆಯ ಗಾಜು ಬಳ್ಳಾರಿಯ ಕಡುಬಿಸಿಲಿನಲ್ಲಿ ನೆರಳುಗಳಿಗೆ ಕೊಂಚ ಮಂಜು ತುಂಬಿ ಗಡಸು ಇಳಿಸುತ್ತದೆ ಎನ್ನುವುದೂ ನಿಜ, ಮೊಬೈಲಿನಲ್ಲಿ ಒಂದು ಗೆರೆ ಎಳೆದರೂ ಆಗುವಷ್ಟು ನಿಜ. ಇನ್ನೂ ಕೊಳ್ಳದವರು ಕೊಳ್ಳುವ ಮೊದಲು ಒಮ್ಮೆ ಕುರುಗೋಡಿನ ಕಡೆ ಮೆಣಸಿನಕಾಯಿ ಒಣಗಿಸುವ ಹಂಗಾಮಿನಲ್ಲಿ ಹೋಗಿಬನ್ನಿ. ಕಣದಲ್ಲಿ ತೊಟ್ಟು ಬಿಡಿಸುತ್ತ ಮೂಗಿಗೆ ಸೆರಗು ಕಟ್ಟಿಕೊಂಡ ಹೆಂಗಸರಿರುತ್ತಾರೆ, ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಲಾರಿಗೆ ಚೀಲ ಹೊರುವವರಿರುತ್ತಾರೆ. ಒಂದೇ ಕಣಕ್ಕೆ ಹಂಗಾಮು ಪೂರ್ತಿ ಹೋಗಿ. ತೆಗೆದದ್ದನ್ನು ಪ್ರಿಂಟ್ ಹಾಕಿಸಿ, ಚಿತ್ರದಲ್ಲಿದ್ದವರ ಕೈಗೆ ಕೊಡಿ. ದುಡ್ಡು ಸಾಲದಿದ್ದರೆ ಹೆಲಿಯೋಸ್ ಮಾರಿ, ಈಗ ಅದಕ್ಕೆ ಒಳ್ಳೆಯ ಬೆಲೆ ಇದೆ. ಆ ಪ್ರಿಂಟುಗಳಲ್ಲಿ ಒಂದು ಸುಳಿ ಲೆನ್ಸಿನದೂ ಇರಲಿ. ಅದನ್ನು ಹಿಡಿದ ಹೆಂಗಸು ಮೊದಲು ಕೇಳುವುದು ‘ನಮ್ಮ ಕಣ ಎಲ್ಲಿ?’ ಎಂದು. ಸುಳಿಯ ಪಕ್ಷದವರು ಅವಳಿಗೇ ಉತ್ತರ ಕೊಡಲಿ.